ಬೀಗವಿಲ್ಲದ ಪಾನಾ ಪೆಟ್ಟಿಗೆ

ಬೆಳಿಗ್ಗೆ ಮೊಬೈಲು ಹೊಸ ಪಾಸ್‌ವರ್ಡ್ ಕೇಳಿತು. ನನ್ನ ಹೆಸರು ಕೊಟ್ಟೆ, ದುರ್ಬಲ ಎಂದಿತು. ನನ್ನನ್ನು ಬಲ್ಲವರೆಲ್ಲ ಹೇಳುವ ಮಾತೇ, ಬೇಸರವಾಗಲಿಲ್ಲ. ದಾಂಡೇಲಿಯ ರಫೀಕ್ ಭಾಯ್‌ನ ಇಂಟರ್ನೆಟ್ ಅಂಗಡಿ ಮಾತ್ರ ನೆನಪಾಯಿತು.

ಮೊದಲು ಅದು ಅವನ ಅಪ್ಪನ ಲಾರಿ ಗ್ಯಾರೇಜು. ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಅವರು ಪಾನಾ ಪೆಟ್ಟಿಗೆಗೆ ಎಂದೂ ಬೀಗ ಹಾಕಿದವರಲ್ಲ. ಮಿಲ್ಲಿನ ಲಾರಿಯವರು ತಾವೇ ಪಾನಾ ತೆಗೆದು, ನಟ್ಟು ಬಿಗಿದು, ಮತ್ತೆ ಇಟ್ಟು ಹೋಗುತ್ತಿದ್ದರು. ಊರವರ ದನಿ ಕದಿಯುವುದೇ ಆಗ ನನ್ನ ಕಸುಬು. ಚಾಚಾನ ಗೊಗ್ಗರು ದನಿಯನ್ನು ಅವರೆದುರೇ ಮಾಡುತ್ತಿದ್ದೆ. ರಫೀಕ್ ಅಲ್ಲೇ ಅಂಗಡಿ ತೆರೆದು ಕಂಪ್ಯೂಟರಿಗೆ ಮೈಕು ತಂದ ದಿನ ಅಪ್ಪನನ್ನೇ ಮಾತಾಡಿಸಿ ದನಿ ಮುದ್ರಿಸಿಕೊಂಡ. ಚಾಚಾ ಕೆಮ್ಮಿ, ನಕ್ಕು ಹೇಳಿದರು: "ಗಿರಾಕಿ ಮುಂದ ಕೀಲಿ ಹಾಕಬ್ಯಾಡೋ ರಫೀಕ. ಕಳ್ಳ ಅಂದಂಗ ಆಗತೈತಿ."

ಮುಂದಿನ ಮಳೆಗಾಲಕ್ಕೆ ಚಾಚಾ ಇರಲಿಲ್ಲ. ಆ ದನಿ ಇತ್ತು.

ಗಿರಾಕಿಗಳ ಫ್ಲಾಪಿಯಿಂದ ವೈರಸ್ ಬರತೊಡಗಿದಾಗ ರಫೀಕ್ ಹೆದರಿದ. ವಿಂಡೋಸ್ ತೆಗೆದು, ಅಷ್ಟಾಗಿ ವೈರಸ್ ಹತ್ತದ ಲಿನಕ್ಸ್ ಹಾಕಿ, ಪಾಸ್‌ವರ್ಡ್ ಇಲ್ಲದೆ ಯಾರೂ ಅಳಿಸದಂತೆ ಅಪ್ಪನ ದನಿಯನ್ನು ಅದರೊಳಗಿಟ್ಟ. ಅವನು ಎದೆಯುಬ್ಬಿಸಿದ್ದನ್ನು ನಾನು ಬಸ್‌ಸ್ಟ್ಯಾಂಡಿನ ತನಕ ನಟಿಸಿ ತೋರಿಸಿದೆ. ಆದರೆ ಪಾಸ್‌ವರ್ಡನ್ನು ಗಿರಾಕಿಗಳಿಂದ ಮುಚ್ಚಿಡುವುದು ಹೇಗೆ? ಅಪ್ಪನ ಮಗ ತಾನೇ. ಚೀಟಿಯಲ್ಲಿ ಬರೆದು ಪರದೆಯ ಮೇಲೇ ಅಂಟಿಸಿದ.

ರಂಜಾನ್ ಹಬ್ಬಕ್ಕೆಂದು ಅವನ ಅಕ್ಕ ಶಬಾನಾ ಆಪಾ ಹಳಿಯಾಳದಿಂದ ಬಂದರು. ಗೋಡೆಗೆ ಸುಣ್ಣವಾಯಿತು, ಮೂಲೆಯ ಕಸ ಹೋಯಿತು. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು. ಅಷ್ಟಿಷ್ಟು ಕಲಿತಿದ್ದರು. ಗಿರಾಕಿಗಳು ಬಿಟ್ಟುಹೋದ ಹಾಡು, ಚಿತ್ರಗಳ ರಾಶಿಯನ್ನು ಗುಡಿಸುತ್ತ ಬಂದರು. ಯಾರದೆಂದು ಗೊತ್ತಾಗದ ಒಂದು ಫೈಲು ಹೋಗಲೊಪ್ಪದೆ ಪಾಸ್‌ವರ್ಡ್ ಕೇಳಿತು. ಚೀಟಿ ಕಣ್ಣೆದುರೇ ಇತ್ತು. ನೋಡಿ ಒತ್ತಿದರು.

ಇನ್ನೊಂದು ಪ್ರತಿ ತೆಗೆದಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾವ ವೈರಸ್ಸೂ ಮುಟ್ಟದ ದನಿಯನ್ನು ಮಗಳೇ ಗುಡಿಸಿದ್ದಳು, ಅದೂ ಹಬ್ಬದ ಅಕ್ಕರೆಯಿಂದ. ರಫೀಕ್ ಬಯ್ಯಲಿಲ್ಲ. ಚೀಟಿ ಕಿತ್ತು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಆಪಾ ನನ್ನ ಕಡೆ ತಿರುಗಿದರು.

"ಅಬ್ಬಾನ ದನಿ ಮಾಡ್ತಿದ್ದೆಲ್ಲಪಾ ನೀ. ಒಂದ್ ಸಲ ಮಾಡು."

ಚಹದಂಗಡಿಯಲ್ಲಿ ಕೇಳಿದವರಿಗೆಲ್ಲ ಹಂಚಿದ ದನಿ ಅದು. ಬಾಯಿ ತೆರೆದೆ. ಕೆಮ್ಮು ಬಂತು, ಮಾತು ಬರಲಿಲ್ಲ. ಆಪಾ ಕಣ್ಣು ಮುಚ್ಚಿದ್ದರು.

"ಹೂಂ, ಹಿಂಗ ಕೆಮ್ಮತಿದ್ರು," ಎಂದರು. "ಅಷ್ಟ ಸಾಕು."

ಅದೆಲ್ಲ ನೆನೆದು ಮುಗಿದರೂ ಮೊಬೈಲು ಇನ್ನೂ ಕಾಯುತ್ತಿತ್ತು. ಗಟ್ಟಿಯಾದ ಪಾಸ್‌ವರ್ಡೇ ಕೊಟ್ಟೆ. ನಿಮಗೂ ಹೇಳುವುದಿಲ್ಲ, ಬೇಸರಪಡಬೇಡಿ. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ಮುದ್ರಿಸುವ ಗುಂಡಿ ಒತ್ತಿ, ಚಾಚಾನ ಮಾತನ್ನು ಕೆಮ್ಮಿನಿಂದ ಹಿಡಿದು ಪೂರ್ತಿ ಹೇಳಿದೆ. ಈ ಸಲ ಬಂತು. ಆಪಾಗೆ ಕಳಿಸಿದೆ. ಒಂದು ಪ್ರತಿ ನನ್ನಲ್ಲಿಟ್ಟುಕೊಂಡೆ.