ಎರವಲು ಹೋದ ಡ್ರಾಯಿಂಗ್ ಮೇಷ್ಟ್ರು

ನಮ್ಮ ಮನೆಯಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಇಲ್ಲ. ಪಕ್ಕದ ಮನೆಯ ಕೊಳದಪ್ಪಲೆ ತಂದರೆ, ವಾಪಸ್ ಕೊಡುವಾಗ ಅದರೊಳಗೆ ಒಂದು ಅಚ್ಚು ಬೆಲ್ಲವನ್ನೋ ಹಿಡಿ ಅವರೆಕಾಯನ್ನೋ ಹಾಕಿಯೇ ನನ್ನ ಹೆಂಡತಿ ಶಾರದೆ ಕಳಿಸುವುದು. ಏನೂ ಸಿಗದ ದಿನ ಒಂದು ಚಮಚ ಸಕ್ಕರೆ. ಈ ಮರ್ಯಾದೆ ಸರ್ಕಾರಕ್ಕೆ ಗೊತ್ತಿಲ್ಲ ಎಂಬುದು ನನ್ನ ಹಳೆಯ ದೂರು. ಸರ್ಕಾರ ನನ್ನನ್ನು ಆರು ತಿಂಗಳಿಗೆಂದು ಒಂದು ಶಾಲೆಯಿಂದ ಎರವಲು ಪಡೆಯಿತು. ಏನಾದರೂ ಹಾಕಿ ಕೊಡುವುದಿರಲಿ, ಪಾತ್ರೆಯನ್ನೇ ಹಿಂದಿರುಗಿಸಲಿಲ್ಲ.

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಪ್ರೌಢಶಾಲೆ. ಅಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರ ಸ್ಥಾನಮಾನ ಎಂಥದ್ದೆಂದು ನಿಮಗೆ ಗೊತ್ತಲ್ಲ. ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಮೊದಲು ಕಿತ್ತುಕೊಳ್ಳುವುದು ಅವನ ಪಿರಿಯಡ್ಡನ್ನೇ. ಆದರೂ ಆ ಕೆಲಸ ನನಗೆ ಇಷ್ಟವಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತೆಯ ಆಂದೋಲನ ಬಂತು. ಗೋಡೆಗೋಡೆಗಳ ಮೇಲೆ ಘೋಷಣೆ ಬರೆಯುವವರು ಬೇಕಾದರು. ನನ್ನ ಅಕ್ಷರ ದುಂಡಗಿತ್ತು, ಅದೇ ನನಗೆ ಮುಳುವಾಯಿತು. ನಿಯೋಜನೆಯ ಮೇಲೆ ಹಾಸನಕ್ಕೆ ಹೊರಟೆ. ಆಗ ಗಣಿತ ಹೇಳುತ್ತಿದ್ದ, ಮುಂದೆ ಹೆಡ್‌ಮಾಸ್ಟರೂ ಆದ ಜವರೇಗೌಡರು ಬಸ್ಸಿನವರೆಗೂ ಬಂದು ಬೀಳ್ಕೊಟ್ಟರು. "ಆರ್ ತಿಂಗ್ಳು ತಾನೆ, ಓಗ್ಬನ್ನಿ ಮೇಷ್ಟ್ರೇ. ನಿಮ್ ಜಾಗ ಎಲ್ಲೂ ಓಗಕಿಲ್ಲ" ಎಂದರು.

ಹಾಸನದ ಗೋಡೆಗಳು ಮುಗಿದವು. ನನ್ನ ಅಕ್ಷರ ಕಂಡ ಸಾಹೇಬರೊಬ್ಬರು ಚನ್ನರಾಯಪಟ್ಟಣದ ತಮ್ಮ ಕಚೇರಿಗೆ ಕರೆಸಿಕೊಂಡರು. ಅವರಿಗೆ ವರ್ಗವಾದಾಗ ನನ್ನನ್ನೂ ಟ್ರಂಕಿನ ಹಾಗೆ ಹೊಳೆನರಸೀಪುರಕ್ಕೆ ಒಯ್ದರು. ಕಂಪ್ಯೂಟರ್ ಇಲ್ಲದ ಕಾಲ. ಪ್ರತಿ ತಿಂಗಳ ಸಭೆಗೆ ಪ್ರಗತಿಯ ಚಾರ್ಟು ಬರೆಯುವುದು ನನ್ನ ಕೆಲಸ. ಪ್ರಗತಿ ಆಗಿರಲಿ ಬಿಡಲಿ, ಅದರ ಕಂಬ ಹಸಿರು ಬಣ್ಣದಲ್ಲಿ ನೆಟ್ಟಗೆ ನಿಂತಿರಬೇಕಿತ್ತು. ಆದೇಶದಲ್ಲಿ ಆರು ತಿಂಗಳು ಹೋಗಿ "ಮುಂದಿನ ಆದೇಶದವರೆಗೆ" ಎಂಬ ಮಾತು ಬಂದು ಕೂತಿತು. ಶಾರದೆ ಬಾಡಿಗೆ ಮನೆಯ ಹಿತ್ತಿಲಲ್ಲಿ ಕರಿಬೇವಿನ ಗಿಡ ನೆಡುತ್ತೇನೆಂದಾಗಲೆಲ್ಲ ನಾನು, "ಬೇಡ ಕಣೇ, ಇನ್ನೇನು ಹೊರಡೋರು" ಎನ್ನುತ್ತಿದ್ದೆ. ವರ್ಷಗಟ್ಟಲೆ ಕರಿಬೇವನ್ನು ಪಕ್ಕದ ಮನೆಯಿಂದ ಕೇಳಿ ತಂದೆವು.

ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಹಾಗಾಗಿ ನಿಯೋಜನೆ ಎಂದರೆ ನನಗೆ ಉತ್ಸವಮೂರ್ತಿಯೇ ನೆನಪಾಗುವುದು. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಬೀದಿ ಸುತ್ತಿ ಆರತಿ ತೆಗೆದುಕೊಳ್ಳುವ ಕೆಲಸವೆಲ್ಲ ಉತ್ಸವಮೂರ್ತಿಗೆ. ಆದರೆ ಎಷ್ಟೇ ಬೀದಿ ಸುತ್ತಿದರೂ ಅದು ಗುಡಿಗೆ ಮರಳಲೇಬೇಕು. ಆರತಿ ಚೆನ್ನಾಗಿ ಸಿಕ್ಕಿತೆಂದು ಯಾವ ಉತ್ಸವಮೂರ್ತಿಯೂ ಕೆಳಗಿನ ಬೀದಿಯಲ್ಲೇ ಖಾಯಮಾಗಿ ನಿಂತದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ.

ನನಗೂ ಮರಳುವ ಧೈರ್ಯವಿತ್ತು. ನಿಯೋಜನೆಯ ಮೇಲೆ ಹೋದವನ ಹುದ್ದೆಯನ್ನು ಮಾತೃ ಇಲಾಖೆ ಅವನ ಹೆಸರಿನಲ್ಲೇ ಕಾದಿಡುತ್ತದೆ. ತಾಯಿ ಮಗನ ತಟ್ಟೆ ಮುಚ್ಚಿಟ್ಟ ಹಾಗೆ ಎಂದು ಹೆಮ್ಮೆಪಡುತ್ತಿದ್ದೆ. ಅದರ ಇನ್ನೊಂದು ಮುಖ ತಿಳಿದದ್ದು ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ. ಜವರೇಗೌಡರು ಸಿಕ್ಕಿದ್ದರು.

"ಏನ್ ಮೇಷ್ಟ್ರೇ, ಯಾವಾಗ್ ಬತ್ತೀರಿ? ಬ್ಯಾರೆ ಡ್ರಾಯಿಂಗ್ ಮೇಷ್ಟ್ರನ್ನ ಕೊಡಿ ಅಂತ ಕೇಳುದ್ರೆ, ನಿಮ್ಮಲ್ಲಿ ಆಗ್ಲೇ ಒಬ್ರು ಅವ್ರಲ್ಲಾ ಅಂತಾರೆ ಕಣ್ರೀ ಮ್ಯಾಲಿನೋರು. ನೀವೂ ಬರಕಿಲ್ಲ, ಇನ್ನೊಬ್ರುನ್ನೂ ಬುಡಕಿಲ್ಲ!"

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಎಷ್ಟೋ ತಂಡದ ಮಕ್ಕಳು ಆ ಶಾಲೆಗೆ ಸೇರಿ, ಒಂದು ಚಿತ್ರವನ್ನೂ ಕಲಿಯದೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು. ನನ್ನ ಹೆಸರು ಆ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿತ್ತು. ವಾಪಸ್ ಕಳಿಸಿ ಎಂದು ಎರಡು ಸಲ ಕೇಳಿದೆ. ಸಾಹೇಬರು "ಈ ಮಾರ್ಚ್ ಒಂದು ಕಳೀಲಿ" ಎಂದರು. ಮಾರ್ಚ್ ಪ್ರತಿ ವರ್ಷ ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ನಾನು ಒಂದು ದಿನವಿಡೀ ಬರೆಯುತ್ತಿದ್ದ ಕಂಬಗಳನ್ನು ಅದು ನಾನು ಒಮ್ಮೆ ಕೆಮ್ಮುವಷ್ಟರಲ್ಲಿ ಬರೆದುಬಿಟ್ಟಿತು. ಇನ್ನು ನನ್ನನ್ನು ಕಳಿಸುತ್ತಾರೆ ಎಂದುಕೊಂಡರೆ ಬಂದದ್ದು ಬೇರೆಯೇ ಸುದ್ದಿ. ಬಹುಕಾಲದಿಂದ ನಿಯೋಜನೆಯಲ್ಲಿರುವವರು ಒಪ್ಪಿದರೆ, ಗುಮಾಸ್ತರ ಹುದ್ದೆಯಲ್ಲಿ ಇಲ್ಲೇ ಖಾಯಂ ವಿಲೀನ. ಜ್ಯೇಷ್ಠತೆಯ ಪಟ್ಟಿಯಲ್ಲಿ ಮಾತ್ರ ಕೊನೆಯ ಜಾಗ, ನಿನ್ನೆ ಮೊನ್ನೆ ಸೇರಿದ ಹುಡುಗರಿಗಿಂತ ಹಿಂದೆ.

ಮನೆಯಲ್ಲಿ ಶಾರದೆಯ ಮುಂದೆ ದೊಡ್ಡ ಭಾಷಣ ಮಾಡಿದೆ. ನಾನು ಇಲ್ಲಿ ವಿಲೀನವಾದರೆ ಅಲ್ಲಿ ಹುದ್ದೆ ಖಾಲಿಯಾಗುತ್ತದೆ, ಹೊಸ ಮೇಷ್ಟ್ರು ಬರುತ್ತಾರೆ, ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದೆಲ್ಲ. ಅವಳು ಸೊಪ್ಪು ಬಿಡಿಸುತ್ತಾ ಕೇಳಿದಳು.

"ಅದೆಲ್ಲಾ ಸರಿ. ನಿಮಗೆ ಹೋಗೋಕೆ ಇಷ್ಟ ಇದೆಯೋ ಇಲ್ಲವೋ?"

"ಮಕ್ಕಳ ದೃಷ್ಟಿಯಿಂದ ನೋಡಿದರೆ..."

"ಮಕ್ಕಳನ್ನ ಕೇಳಲಿಲ್ಲಾ ರೀ ನಾನು."

ಇಷ್ಟವಿತ್ತು. ಆದರೆ ವರ್ಷಗಟ್ಟಲೆ ಕಂಬ ಬರೆದು ಕೈ ಜಡವಾಗಿತ್ತು, ಮತ್ತೆ ಮಕ್ಕಳ ಮುಂದೆ ನಿಲ್ಲುವ ಹೆದರಿಕೆಯೂ ಇತ್ತು. ಮಕ್ಕಳ ಹೆಸರು ಹೇಳಿ ಒಪ್ಪಿಗೆ ಬರೆದುಕೊಟ್ಟೆ. ಆದೇಶ ಬಂದ ದಿನ ಕಚೇರಿಗೆಲ್ಲ ಮೈಸೂರು ಪಾಕು ಹಂಚಿದೆ.

ಶಾಲೆಗೆ ಹೋಗಿ ತಿಳಿಸಬೇಕು, ಹೊಸ ಮೇಷ್ಟರನ್ನೂ ನೋಡಬೇಕು ಎಂದುಕೊಳ್ಳುತ್ತಲೇ ತಿಂಗಳುಗಳು ಕಳೆದವು. ಕೊನೆಗೊಂದು ದಿನ ರಜೆ ಹಾಕಿ ಹೋದೆ. ಜವರೇಗೌಡರು ಕೂರಿಸಿ ಕಾಫಿ ತರಿಸಿದರು.

"ಪೋಸ್ಟ್ ಖಾಲಿ ಆಯ್ತು, ತುಂಬ್ಕೊಡಿ ಅಂತ ಬರ್ದೆ ಮೇಷ್ಟ್ರೇ. ಇಷ್ಟ್ ವರ್ಷ ಡ್ರಾಯಿಂಗ್ ಇಲ್ದೇನೇ ಸ್ಕೂಲ್ ನಡ್ದೈತಲ್ಲ, ಇನ್ಯಾಕೆ ಅಂದ್ಬುಟ್ರು. ಪೋಸ್ಟ್ ಬ್ಯಾರೆ ಕಡೀಕೆ ಓಯ್ತು. ನಿಮ್ ಎಸ್ರು ಇರೋಗಂಟ ನಿಮ್ಮುನ್ನ ವಾಪಸ್ ಕಳ್ಸಿ ಅಂತ ಕೇಳಕೊಂದು ದಾರಿನಾರಾ ಇತ್ತು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. "ಬಂದಿದ್ದು ಬಂದ್ರಿ, ಎಂಟ್ನೇ ಕ್ಲಾಸ್ನಾಗೆ ಈಗ ಯಾರೂ ಇಲ್ಲ, ಏನಾರಾ ಯೋಳ್ಕೊಡಿ" ಎಂದರು.

ಹೋದೆ. ಇಷ್ಟಬಂದದ್ದು ಬರೆಯಿರಿ ಎಂದೆ. ಇಡೀ ಕ್ಲಾಸು ಒಂದೇ ಚಿತ್ರ ಬರೆಯಿತು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು. ಬೇರೆಯದನ್ನು ಬರೆಯಬಹುದೆಂದು ಅವರಿಗೆ ಹೇಳಿದವರೇ ಇರಲಿಲ್ಲ. ಕಿಟಕಿಯಾಚೆ ಕಣ್ಣೆದುರಿಗೇ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ಊರವರ ಮಾತಿನ ಬ್ಯಾರನ್, ನಿಂತಿತ್ತು. ಅದನ್ನು ತೋರಿಸಿದೆ.

"ಬ್ಯಾರನ್ನೂ ಬರೀಬೌದಾ ಸಾ?" ಎಂದು ಒಬ್ಬಳು ಹುಡುಗಿ ಕೇಳಿದಳು.

"ಬರೀಬಹುದಮ್ಮ."

ಎಲ್ಲರೂ ಗುಡ್ಡ ಅಳಿಸತೊಡಗಿದರು. ಗೋಡೆ ಎದ್ದು, ಮಾಡಿನ ಮೊದಲ ಗೆರೆ ಬೀಳುವಷ್ಟರಲ್ಲಿ ಬೆಲ್ ಹೊಡೆಯಿತು. "ನಾಳೆ ಮುಗ್ಸಿ ತೋರುಸ್ತೀವಿ ಸಾ" ಎಂದು ಒಕ್ಕೊರಲಿನಲ್ಲಿ ಕೂಗಿದರು.

"ಆಗಲಿ" ಎಂದೆ.

ಮಾರನೆಯ ಬೆಳಿಗ್ಗೆ ಹೊಳೆನರಸೀಪುರದ ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗಿ ಸಹಿ ಹಾಕಿದೆ. ಈಗ ನಾನು ಖಾಯಂ. ಯಾರೂ ನನ್ನನ್ನು ವಾಪಸ್ ಕಳಿಸುವಂತಿಲ್ಲ.