ಮೌಶಿಯ ಇಸ್ತ್ರಿ, ನಮ್ಮ ಒಲೆ

ನಾನು ಚಿಕ್ಕವಳಿದ್ದಾಗ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಅಕ್ಕ ನನ್ನ ಪಾಲಿನ ಶೇಂಗಾ ಉಂಡೆ ಕದ್ದು ತಿನ್ನುತ್ತಾಳೆ ಎಂದು ಸದಾ ಕಣ್ಣಿಟ್ಟಿರುತ್ತಿದ್ದೆ. ಆ ಬುದ್ಧಿ ಇವತ್ತಿಗೂ ಪೂರ್ತಿ ಹೋಗಿಲ್ಲ ಎಂಬುದು ನಿಮಗೂ ಗೊತ್ತು. ಅದೇ ಬುದ್ಧಿಯಿಂದ ನಾನೊಮ್ಮೆ ಒಬ್ಬರ ಮನೆಯನ್ನೇ ಬಿಡಿಸಲು ಹೊರಟಿದ್ದೆ ಮಕ್ಕಳೇ.

ಆಗ ನಾವಿದ್ದದ್ದು ಕಾಚಿಗೂಡ ಸ್ಟೇಷನ್ ಹತ್ತಿರದ ಹಳೆಯ ವಠಾರದಲ್ಲಿ. ಅಂಗಳದಾಚೆಯ ಒಂದೇ ಕೋಣೆಯಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬರು ಒಬ್ಬರೇ ಇದ್ದರು. ನಾವು ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಬಟ್ಟೆ ಹೊಲಿದು, ಇಸ್ತ್ರಿ ಮಾಡಿಕೊಟ್ಟು ಅವರು ಜೀವನ ಸಾಗಿಸುತ್ತಿದ್ದರು. ಅವರ ಕೋಣೆಗೂ ನಮ್ಮ ಮನೆಗೂ ಸೇರಿ ಇದ್ದದ್ದು ಒಂದೇ ಫ್ಯೂಸು.

ಆ ಬೇಸಿಗೆಯಲ್ಲಿ ದಿನವೂ ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಫ್ಯೂಸು ಹೋಗತೊಡಗಿತು. ಟಪ್ ಎಂದು ಸದ್ದಾಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು, ಎರಡೂ ಮನೆ ಕತ್ತಲಾಗುತ್ತಿದ್ದವು. ತಂತಿ ಹಾಕಿ ಹಾಕಿ ಮನೆ ಮಾಲೀಕರು ರೋಸಿಹೋದರು. ಒಂದು ಸೋಮವಾರ ಅಂಗಳದಲ್ಲಿ ನಿಂತು, ಹೆಚ್ಚು ಕರೆಂಟು ಎಳೆಯುತ್ತಿರುವವರು ಯಾರೇ ಆಗಲಿ ಕೋಣೆ ಖಾಲಿ ಮಾಡಬೇಕು ಎಂದು ಉರ್ದುವಿನಲ್ಲಿ ಗದರಿದರು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ, "ಮೌಶಿಯ ಕರೆಂಟ್ ಇಸ್ತ್ರಿ" ಎಂದು ಬೆರಳು ತೋರಿಸಿದೆ. ಅಪ್ಪ ನನ್ನನ್ನು ತಡೆಯಲಿಲ್ಲ. ಮೌಶಿ ಒಳಗೆ ಹೋದರು. ಭಾನುವಾರದೊಳಗೆ ಕೋಣೆ ಬಿಡಬೇಕೆಂದು ಮಾಲೀಕರು ಬಾಗಿಲಲ್ಲೇ ನಿಂತು ಹೇಳಿ ಹೋದರು.

ಮರುದಿನದಿಂದ ನಾನು ಕಿಟಕಿಗೆ ಅಂಟಿಕೊಂಡು ಕಾವಲು ಕುಳಿತೆ. ಮೌಶಿ ಸಂಜೆಯಾದರೆ ಬಾಗಿಲು ಮುಚ್ಚುತ್ತಿದ್ದರು. ಸಂದಿಯಿಂದ ಇದ್ದಿಲ ಹೊಗೆ ಬರುತ್ತಿತ್ತು. ಸುಟ್ಟ ತಂತಿಯ ವಾಸನೆ ಮುಚ್ಚಲು ಬೇಕೆಂದೇ ಹೊಗೆ ಹಾಕುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಫ್ಯೂಸು ದಿನವೂ ಹೋಗುತ್ತಲೇ ಇತ್ತು, ನನ್ನ ಅನುಮಾನವೂ ಗಟ್ಟಿಯಾಗುತ್ತಲೇ ಇತ್ತು.

ಅಕ್ಕ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಇಸ್ತ್ರಿ ಎಷ್ಟು ಕರೆಂಟು ತಿನ್ನುತ್ತದೆಂದು ಅಳೆದು ಮಾಲೀಕರಿಗೆ ತೋರಿಸು ಎಂದು ನಾನೇ ಅವಳ ಬೆನ್ನು ಹತ್ತಿದೆ. ಶನಿವಾರ ಮಧ್ಯಾಹ್ನ ಅವಳು ಲೆಕ್ಚರರ ಒಪ್ಪಿಗೆ ಪಡೆದು ಎರಡು ಮೀಟರು ತಂದಳು. ಒಂದು ವೋಲ್ಟ್ ತೋರಿಸುವುದು, ಇನ್ನೊಂದು ಆಂಪಿಯರ್ ತೋರಿಸುವುದು. ಕೈ ಕುದುರಲೆಂದು ಮೊದಲು ನಮ್ಮ ಒಲೆಗೇ ಜೋಡಿಸಿದಳು.

ನಮ್ಮದು ಕರೆಂಟ್ ಒಲೆ. ಮಣ್ಣಿನ ಬಿಲ್ಲೆಯ ತೋಡುಗಳಲ್ಲಿ ಸುರುಳಿ ತಂತಿ ಕೂತಿರುತ್ತಿತ್ತು, ಕಾದರೆ ಕೆಂಪಗೆ ಹೊಳೆಯುತ್ತಿತ್ತು. ಅದು ತುಂಡಾದಾಗಲೆಲ್ಲ ಅಪ್ಪ ಸುಟ್ಟ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಎಳೆದು, ಹೊಸೆದು ಕೂಡಿಸುತ್ತಿದ್ದರು. ಆ ಕೈಚಳಕದ ಬಗ್ಗೆ ಅವರಿಗೆ ಭಾರಿ ಹೆಮ್ಮೆ.

ವೋಲ್ಟ್ ಮೀಟರಿನ ಮುಳ್ಳು ಇನ್ನೂರ ಇಪ್ಪತ್ತರಲ್ಲಿ ನಿಂತಿತು, ಆಂಪಿಯರ್ ಮೀಟರಿನದು ಐದೂವರೆಯಲ್ಲಿ. ಅಕ್ಕ ಬಳಪ ಹಿಡಿದು ನೆಲದ ಮೇಲೆ ಬರೆದಳು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಒಲೆ ಎಳೆಯುವ ಶಕ್ತಿ ಸಿಗುತ್ತದೆ: ಸಾವಿರದ ಇನ್ನೂರ ಹತ್ತು ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೋಧ ಸಿಗುತ್ತದೆ: ನಲವತ್ತು ಓಮ್. ಬರೆದವಳು ಬಗ್ಗಿ ಒಲೆಯ ಮೇಲಿನ ಬರಹ ಓದಿದಳು.

"ಅಪ್ಪಾ, ಒಲಿ ಮ್ಯಾಲೆ ಸಾವಿರ ವ್ಯಾಟ್ ಅಂತ ಬರದೈತಿ. ಹಂಗಿದ್ರ ನಾಕೂವರಿ ಆಂಪಿಯರ್ ಬರಬೇಕು, ರೋಧ ನಲವತ್ತೊಂಬತ್ತರ ಹತ್ರ ಇರಬೇಕು. ನೀವು ಕತ್ತರಿಸಿ ಕತ್ತರಿಸಿ ತಂತಿ ಗಿಡ್ಡ ಆಗೇತಿ. ತಡಿ ಕಡಿಮಿ ಆತು, ಕರೆಂಟ್ ಜಾಸ್ತಿ ಹರಿಯಾಕತ್ತೈತಿ."

"ಆ ಮೀಟರ್ ಮ್ಯಾಲೆ ನನಗ ನಂಬಿಕಿ ಇಲ್ಲ. ಮತ್ತೊಮ್ಮೆ ನೋಡು," ಎಂದರು ಅಪ್ಪ.

ನನಗೂ ಮೀಟರಿನ ಮೇಲೆಯೇ ಸಂಶಯ ಬಂತು. ಅಕ್ಕ ಬಿಚ್ಚಿ ಮತ್ತೆ ಜೋಡಿಸಿದಳು. ಮುಳ್ಳು ಐದೂವರೆಗೇ ಹೋಗಿ ನಿಂತಿತು. ಫ್ಯೂಸು ತಡೆಯುತ್ತಿದ್ದದ್ದು ಆರು ಆಂಪಿಯರ್ ಮಾತ್ರ. ಸಂಜೆ ಚಹಾಕ್ಕೆ ಒಲೆ ಹಚ್ಚಿದಾಗ ಎರಡೂ ಮನೆಯ ದೀಪಗಳೂ ಸೇರಿಕೊಂಡರೆ ಆರು ದಾಟುತ್ತಿತ್ತು. ಅಪ್ಪ ಆರಿದ ಒಲೆಯನ್ನು ಬೆಳಕಿಗೆ ಹಿಡಿದು ತಾವು ಹೊಸೆದ ಗಂಟುಗಳನ್ನು ಎಣಿಸಿದರು, ಐದು ಇದ್ದವು. ಆಮೇಲೆ ಅಂಗಿ ತೊಟ್ಟು, ಯಾರ ಮುಖವನ್ನೂ ನೋಡದೆ ಮಾಲೀಕರ ಮನೆಗೆ ಹೊರಟರು. ಹೊಸ್ತಿಲಲ್ಲಿ ನಿಂತು, "ಬೆರಳು ತೋರಿಸಿದಾಕಿ ನೀನು. ಮೌಶಿಗೆ ನೀನ ಹೋಗಿ ಹೇಳು," ಎಂದರು.

ಹೇಗೋ ಅಂಗಳ ದಾಟಿದೆ. ಮೌಶಿ ಹೊಲಿಗೆ ಯಂತ್ರಕ್ಕೆ ಹಗ್ಗ ಬಿಗಿಯುತ್ತಿದ್ದರು. ಪಕ್ಕದಲ್ಲಿ ಇದ್ದಿಲು ತುಂಬಿದ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು. ತಪ್ಪು ನಮ್ಮದು, ನೀವು ಹೋಗಬೇಡಿ ಎಂದು ತೊದಲಿದೆ. ಅವರು ಹಗ್ಗ ಬಿಟ್ಟು ನನ್ನನ್ನೇ ನೋಡಿದರು.

"ಸೋಮವಾರದಿಂದ ನಾ ಕರೆಂಟ್ ಇಸ್ತ್ರಿ ಮುಟ್ಟಿಲ್ಲವ್ವಾ. ಇದ್ದಲಿ ಹಾಕಿ ಮಾಡಾಕತ್ತೀನಿ. ಆದ್ರೂ ಫ್ಯೂಸ್ ದಿನಾ ಹೋಗತಿತ್ತು. ಯಾರರ ಬಂದು ಒಂದು ಮಾತು ಕೇಳಿದ್ರ ಹೇಳತಿದ್ದೆ."

ಅಂಗಳ ದಾಟಲು ಹತ್ತು ಹೆಜ್ಜೆ ಸಾಕಿತ್ತು. ಐದು ದಿನ ಕಿಟಕಿಯಲ್ಲೇ ಕೂತಿದ್ದೆ.

ಮೌಶಿ ಅಲ್ಲೇ ಉಳಿದರು, ನಮ್ಮ ಒಲೆಗೆ ಹೊಸ ಸುರುಳಿ ಬಂತು. ಈಗ ನಿಮ್ಮ ನಾಚಾರಂ ಫ್ಲಾಟಿನಲ್ಲಿ ಫ್ಯೂಸಿನ ತಂತಿಯೇ ಇಲ್ಲ. ಗೋಡೆಯ ಪೆಟ್ಟಿಗೆಯಲ್ಲಿ ಬಿದ್ದ ಗುಂಡಿ ಎತ್ತಿದರೆ ದೀಪ ಬರುತ್ತದೆ, ಎಷ್ಟು ವ್ಯಾಟ್ ಎಂದು ಫೋನೇ ಹೇಳುತ್ತದೆ. ಈಚೆಗೆ ಲಿಫ್ಟು ನಿಂತಾಗ, ಕೆಳಗಿನ ಮನೆಗೆ ಹೊಸದಾಗಿ ಬಂದ ಹುಡುಗ ಬ್ಯಾಟರಿ ಸ್ಕೂಟರ್ ಚಾರ್ಜಿಗೆ ಹಾಕಿದ್ದರಿಂದಲೇ ಹೀಗಾಯಿತು ಎಂದಿರಿ. ನಾನೂ ತಲೆಯಾಡಿಸಿದೆ, ಸುಳ್ಳೇಕೆ ಹೇಳಲಿ. ನಾಲ್ಕು ದಿನವಾಯಿತು, ಅವನನ್ನು ನಮ್ಮಲ್ಲಿ ಒಬ್ಬರೂ ಹೋಗಿ ಕೇಳಿಲ್ಲ. ಏಳಿ, ಚಪ್ಪಲಿ ಹಾಕಿಕೊಳ್ಳಿ. ಕೆಳಗೆ ಹೋಗಿ ಬರೋಣ.