ಗಾಜಿನ ಒಲೆಯ ಮೇಲೆ ಸಿಂಬೆ

ಮೊಮ್ಮಗಳು ಹುಟ್ಟಿದ್ದಾಳೆ ಕಣ್ರಪ್ಪ! ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಪಾಂಡವಪುರದ ನಮ್ಮ ಮನೆಗೆ ಬಂದಿಳಿದಳು. ಮೂಗು ನನ್ನದೇ. ಯಾರೂ ಒಪ್ಪುತ್ತಿಲ್ಲ, ಇರಲಿ. ಮೂರನೇ ಕ್ಲಾಸಿಗೇ ಓದು ಬಿಟ್ಟವಳು ನಾನು. ಆದರೂ ಈ ಸಂತೋಷವನ್ನು ಬರೆದಿಡದೆ ಹೋದರೆ ಎದೆ ಒಡೆದುಹೋಗುತ್ತದೆ.

ನಮ್ಮ ಮನೆಗೆ ಗಾಜಿನ ಒಲೆ ಬಂದದ್ದು ಹೋದ ಬೇಸಿಗೆಯಲ್ಲಿ. ಕರೆಂಟಿನದು. ಗುಂಡಿ ಒತ್ತಿದರೆ ಗಾಜಿನ ಕೆಳಗೆ ಕೆಂಪಗಾಗುತ್ತದೆ. ಉರಿಯಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲ. "ಇನ್‌ಫ್ರಾರೆಡ್ ಕಿರಣ" ಅಂದ ಮಗ ಮಾದೇಶ. ಕಿರಣ ಅಂದಕೂಡಲೇ ನನಗೆ ಎಕ್ಸ್‌ರೇ ಕೋಣೆ ನೆನಪಾಯಿತು. ಅಲ್ಲಿ ಬಸುರಿಯರನ್ನು ಒಳಗೇ ಬಿಡುವುದಿಲ್ಲ. ಇಲ್ಲಿ ಅದರ ಮೇಲೆ ಬೇಯಿಸಿ ಉಣ್ಣಬೇಕಂತೆ! ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನನ್ನ ಮುದ್ದೆ ನಾನೇ ಬೇಯಿಸಿಕೊಳ್ಳತೊಡಗಿದೆ.

ಮಗ, ಸೊಸೆ ಒಳಗೆ ಉಣ್ಣುತ್ತ ನಗುವುದು ಕೇಳಿಸುತ್ತಿತ್ತು. ಯಜಮಾನರು ಹೋದ ಮೇಲೆ ನನ್ನ ಜೊತೆ ಚಟಪಟ ಮಾತಾಡುತ್ತಿದ್ದುದು ಸೌದೆಯೊಂದೇ. ಸೊಸೆ ಸವಿತಾ ಬಾಗಿಲಿಗೆ ಬಂದು "ಒಳೀಕ್ ಬನ್ನಿ ಅತ್ತೆ" ಅನ್ನುತ್ತಿದ್ದಳು. ಆಮೇಲಾಮೇಲೆ ಕರೆಯುವುದನ್ನೂ ಬಿಟ್ಟಳು. ತುಂಬಿದ ಮನೆಯಲ್ಲಿ ಒಂಟಿಯಾಗಲು ದೊಡ್ಡ ಜಗಳವೇನೂ ಬೇಕಿಲ್ಲ, ಬೇರೆ ಒಲೆಯೊಂದಿದ್ದರೆ ಸಾಕು.

ಸವಿತಾಗೆ ತಾಯಿಯಿಲ್ಲ. ಹಾಗಾಗಿ ಬಾಣಂತನ ನನ್ನ ಕೈಗೇ ಬಂತು. ಇವತ್ತು ನೋಡಿದರೆ ಮಳೆಗೆ ಸೌದೆಯೆಲ್ಲ ನೆಂದು ತೊಪ್ಪೆ. ಹಸಿದ ಬಾಣಂತಿಗೆ ಬಿಸಿ ಮೆಣಸಿನ ಸಾರು ಆಗಲೇಬೇಕು. ದೇವರ ಮೇಲೆ ಭಾರ ಹಾಕಿ ಗಾಜಿನ ಒಲೆಯ ಗುಂಡಿ ಒತ್ತಿದೆ. ನನ್ನ ಮಡಕೆಯದು ದುಂಡು ತಳ. ಸಪಾಟು ಗಾಜಿನ ಮೇಲೆ ಓಲಾಡಿತು. ಮಡಕೆ ಓಲಾಡಿದರೆ ಏನು ಮಾಡಬೇಕೆಂದು ತಲೆ ಮೇಲೆ ಕೊಡ ಹೊತ್ತೇ ಬೆಳೆದ ನಾಗಮಂಗಲದ ಕಡೆಯ ಹೆಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಜಮಾನರ ಹಳೇ ಪಂಚೆ ಸುತ್ತಿ ಮಾಡಿದ್ದ ಸಿಂಬೆಯನ್ನು ಅದರ ಅಡಿಗೆ ಇಟ್ಟೆ.

ಮನೆ ತುಂಬ ಹೊಗೆ! ಮಾದೇಶ ಓಡಿಬಂದು ಒಲೆ ಆರಿಸಿ, ಮಡಕೆ ಇಳಿಸಿ, ಸಿಂಬೆಯನ್ನು ಇಕ್ಕಳದಲ್ಲಿ ಎತ್ತಿ ಮಳೆಗೆ ಎಸೆದ.

"ಯವ್ವಾ, ಒಲೆ ಮ್ಯಾಲೆ ಯಾರಾದ್ರೂ ಬಟ್ಟೆ ಮಡುಗ್ತಾರಾ?"

"ಬೆಂಕಿ ಎಲ್ಲೈತ್ಲಾ ಅದ್ರಲ್ಲಿ? ಕಿರಣ ಅಂದಿದ್ದೋನು ನೀನೇ ಅಲ್ವಾ?"

"ಎಕ್ಸ್‌ರೇ ಕಿರಣ ಅಲ್ಲ ಕಣವ್ವ. ಕೆಂಡದ ಮುಂದೆ ಕುಂತ್ರೆ ಮೈಗೆ ಕಾವು ತಾಕಲ್ವಾ, ಅದೇ ಇದು. ನೀನು ರಾಗಿ ಒಣಗಾಕೋ ಬಿಸ್ಲಲ್ಲೂ ಐತೆ. ಮುಟ್ಟುದ್ರೆ ಸುಡ್ತದೆ, ಅಷ್ಟೇಯ. ಕೆಂಪು ಆರಿದ್ ಮ್ಯಾಲೂ ಒಸಿ ಹೊತ್ತು ಗಾಜು ಮುಟ್ಬ್ಯಾಡ."

"ಕಪ್ಪಾದ ಕೆಂಡ ಮುಟ್ಬಾರ್ದು ಅಂತ ನಂಗೇ ಹೇಳ್ಕೊಡ್ತೀಯೇನ್ಲಾ?" ಅಂದೆ. ಅಂದ ಮೇಲೆ ನನಗೇ ನಗು ಬಂತು. ಇಷ್ಟು ತಿಂಗಳು ಹಿತ್ತಲಲ್ಲಿ ಒಬ್ಬಳೇ ಕೂತು ಕಾಯಿಸಿಕೊಂಡದ್ದೂ ಇದೇ ಕಾವಂತೆ, ಮೇಲೆ ಹೊಗೆ ಬೇರೆ ಕುಡಿದದ್ದು. ಸುಟ್ಟ ಪಂಚೆಯ ಚೂರು ಮಳೆಯಲ್ಲಿ ಬಿದ್ದಿರುವುದನ್ನು ಮಾತ್ರ ನೋಡಲಾರದೆ ಹೋಗಿ ಎತ್ತಿಕೊಂಡು ಬಂದೆ. ಅವರಿದ್ದಿದ್ದರೆ ಯಾವತ್ತೋ ಬೈದು ಒಳಗೆ ಕೂರಿಸುತ್ತಿದ್ದರು.

ಸಂಜೆ ಚಪ್ಪಟೆ ತಳದ ಪಾತ್ರೆಯಲ್ಲಿ, ಅದೇ ಒಲೆಯ ಮೇಲೆ ಬಾಣಂತಿಗೆ ಸಾರು, ನಮಗೆ ಮುದ್ದೆ ಆಯಿತು. ಬಾಣಂತಿ ಕೋಣೆಯ ಬಾಗಿಲಲ್ಲೇ ಎಲ್ಲರೂ ತಟ್ಟೆ ಇಟ್ಟುಕೊಂಡು ಕೂತೆವು. ಕೂಸು ನನ್ನ ಮಡಿಲಲ್ಲಿ ಬೆಚ್ಚಗೆ ಮಲಗಿತ್ತು.

"ಎಂಗೈತೆ ಅತ್ತೆ, ಕಿರಣದ್ ಮುದ್ದೆ?" ಸವಿತಾ ಒಳಗಿನಿಂದ ಕೇಳಿದಳು.

"ಬಿಸಿಯಾಗೈತೆ ಕಣವ್ವ," ಅಂದೆ. "ಇನ್ನೊಂದ್ ತುಂಡು ಇಕ್ಲಾ, ಮಾದೇಶ."